ಹದಿನೇಳು ಕಂಬ

ಏಪ್ರಿಲ್ 6

ದಾರಿ ಸಂಘದ ನೋಂದಣಿ ಅಧಿಕಾರಿಗಳಾದ ನನ್ನ ನಾದಿನಿಗೆ,

ಒಂಬತ್ತು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನಿಮ್ಮಣ್ಣ ಗಟ್ಟಿಮುಟ್ಟಾಗಿದ್ದಾರೆ, ಹೊಟ್ಟೆ ಒಂದಿಷ್ಟು ಮುಂದೆ ಬಂದಿದೆ. ಅಂಗಡಿಯ ಎಡಗಡೆ ಅವರ ಗಡಿಯಾರಗಳು, ಬಲಗಡೆ ನಾನು ಹೊಲಿಯುವ ಬೂಟುಗಳು, ನಡುವೆ ಅದೇ ಹಳೇ ಬೆಂಚು. ಫೋನ್ ಮಾಡಬಹುದಿತ್ತು. ಆದರೆ ಅವರು ಮೂರು ಮೊಳ ದೂರದಲ್ಲಿ ಕೂತಿರುತ್ತಾರೆ, ಕಿವಿ ಇನ್ನೂ ಚುರುಕಾಗಿದೆ. ಅದಕ್ಕೇ ಈ ಕಾಗದ.

ಕಳೆದ ವಾರ ಒಬ್ಬ ಹುಡುಗಿ ಬೂಟಿಗೆ ಹೊಸ ಅಟ್ಟೆ ಹಾಕಿಸಲು ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಹಳೇ ಅಟ್ಟೆ ಎಷ್ಟು ಸವೆದಿತ್ತೆಂದರೆ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. "ಎಷ್ಟು ದೂರ ನಡೆದೆ ತಾಯಿ?" ಅಂದೆ. "ಬೆಟ್ಟಸಾಲಿನ ದಾರಿ ಆಂಟಿ, ಸಾವಿರದ ಇನ್ನೂರ ಆರು ಕಿಲೋಮೀಟರ್. ಆದ್ರೆ ಮುಗಿಸಿದೆ ಅಂತ ಹೇಳೋ ಹಾಗಿಲ್ಲ" ಅಂದಳು. ಆಮೇಲೆ ನನಗೆ ನಿಮ್ಮ ಸಂಘದ ನಿಯಮದ ಪಾಠ ಮಾಡಿದಳು. ಕಿಲೋಮೀಟರಿಗೊಂದು ಮರದ ಕಂಬ ಇರುತ್ತಂತೆ. ಪ್ರತಿ ಕಂಬವನ್ನೂ ಕೈಯಿಂದ ಮುಟ್ಟಿಕೊಂಡು ನಡೆಯಬೇಕಂತೆ. ಊಟಕ್ಕೋ ಔಷಧಿಗೋ ದಾರಿ ಬಿಟ್ಟು ಹೋದರೆ ವಾಪಸ್ ಬಂದು, ಬಿಟ್ಟ ಕಂಬವನ್ನೇ ಮುಟ್ಟಿ ಮುಂದೆ ಹೋಗಬೇಕಂತೆ. ಕೊನೆಗೆ ನಿಮ್ಮ ಕಚೇರಿಯ ಮೇಜಿನ ಮುಂದೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರಂತೆ: "ಮುಟ್ಟದೆ ಬಿಟ್ಟ ಕಂಬ ಇದೆಯೇ?" ಸಾಕ್ಷಿ ಬೇಕಿಲ್ಲ, ಫೋಟೋ ಬೇಕಿಲ್ಲ. ಇಲ್ಲ ಅಂದರೆ ನೋಂದಣಿ ಸಂಖ್ಯೆ ಕೊಡುತ್ತಾರೆ, ಇದೆ ಅಂದರೆ ಇಲ್ಲ. ನಾನು ಏನೂ ಅರಿಯದವಳ ಹಾಗೆ ತಲೆ ಆಡಿಸಿದೆ.

ಈ ಹುಡುಗಿ "ಇದೆ, ನಾಲ್ಕು" ಅಂದಳಂತೆ. ಗುಡ್ಡ ಕುಸಿದಿತ್ತು, ಅರಣ್ಯದವರು ಬಲವಂತವಾಗಿ ಜೀಪಿಗೆ ಹತ್ತಿಸಿ ಆಚೆ ಬಿಟ್ಟರಂತೆ. ನೀನು ಅವಳ ಮುಖ ನೋಡದೆ "ಹೋಗಿ ನಡೆದು ಬನ್ನಿ" ಅಂದೆಯಂತೆ. ಅವಳು ಮೇಲ್ಮನವಿ ಹಾಕಿದ್ದಾಳೆ. ಜೂನ್ 14ಕ್ಕೆ ಸಂಘದ ಸಭೆ, ಅದಕ್ಕೆ ನಿನ್ನ ಅಭಿಪ್ರಾಯ ಬರೆದು ಕೊಡಬೇಕಂತೆ.

ನಮ್ಮ ಬೆಂಚಿನ ಮೇಲುಗಡೆ ಗೋಡೆಯಲ್ಲಿ ನಿನ್ನ ಪ್ರಮಾಣಪತ್ರ ತೂಗುತ್ತಿದೆ, ನೋಂದಣಿ ಸಂಖ್ಯೆ 63. ಬಂದ ಗಿರಾಕಿಗೆಲ್ಲ ನಿಮ್ಮಣ್ಣ ತೋರಿಸುತ್ತಾರೆ. ಆ ಹುಡುಗಿಗೂ ತೋರಿಸಿದರು. ಅವಳು ಎದ್ದು ನಿಂತು, ಕೈ ಕಟ್ಟಿಕೊಂಡು ಓದಿದಳು. ನನಗೆ ದಬ್ಬಳ ಬೆರಳಿಗೆ ಚುಚ್ಚಿತು.

ಒಂದು ಕೇಳುತ್ತೇನೆ. ಅವಳ ನಾಲ್ಕು ಕಂಬ ನಿನಗೆ ಕಾಣಿಸಿದವು. ನಿನ್ನ ಹದಿನೇಳು ಎಲ್ಲಿ ಹೋದವು?

ಇಂತಿ,
ಬೂಟು ಹೊಲಿಯುವ ಅತ್ತಿಗೆ


ಏಪ್ರಿಲ್ 15

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಕಚೇರಿಯ ವಿಳಾಸಕ್ಕೆ ಬಂತು. ಇಲ್ಲಿ ಟಪಾಲು ಒಡೆಯುವುದು ನಾನೊಬ್ಬಳೇ ಅಲ್ಲ. ಇನ್ನು ಮುಂದೆ ಬರೆಯುವುದಿದ್ದರೆ ಮನೆಗೆ ಬರೆಯಿರಿ.

ಆ ಹುಡುಗಿಯ ವಿಷಯದಲ್ಲಿ ನಾನು ಮಾಡಿದ್ದು ನಿಯಮ. ಗುಡ್ಡ ಕುಸಿದದ್ದು ಅವಳ ತಪ್ಪಲ್ಲ, ಜೀಪು ಹತ್ತಿದ್ದೂ ತಪ್ಪಲ್ಲ, ಒಪ್ಪುತ್ತೇನೆ. ಆದರೆ ನಾವು ತಪ್ಪು ಯಾರದು ಅಂತ ಬರೆಯುವ ಪುಸ್ತಕ ಇಟ್ಟಿಲ್ಲ. ನಡೆದರೋ ಇಲ್ಲವೋ ಅಂತ ಬರೆಯುವ ಪುಸ್ತಕ ಇಟ್ಟಿದ್ದೇವೆ. ಒಬ್ಬರಿಗೆ ನಾಲ್ಕು ಬಿಟ್ಟರೆ ನಾಳೆ ಇನ್ನೊಬ್ಬರು ನಲವತ್ತು ಬಿಟ್ಟು ಬರುತ್ತಾರೆ, ಅವರಿಗೂ ಒಂದು ಕಾರಣ ಇರುತ್ತದೆ. ಹನ್ನೊಂದು ವರ್ಷದಿಂದ ಈ ಮೇಜಿನ ಹಿಂದೆ ಕೂತಿದ್ದೇನೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಅಳುತ್ತಾ ಕೂತವರಿಗೂ ಇದನ್ನೇ ಹೇಳಿದ್ದೇನೆ.

ನಿಮ್ಮ ಕಾಗದದ ಕೊನೆಯ ಸಾಲಿಗೆ ಉತ್ತರ ಕೊಡುವುದಿಲ್ಲ. ಅದು ಕಾಗದದಲ್ಲಿ ಬರೆಯುವ ಮಾತಲ್ಲ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಓದಿ ಹರಿದುಹಾಕಿದೆ.

ಅಣ್ಣನಿಗೆ ನನ್ನ ನೆನಪುಗಳು.

ನಿಮ್ಮ ನಾದಿನಿ


ಏಪ್ರಿಲ್ 21

ಕಡ್ಡೀ,

ಪೂಜ್ಯ ಅಂತೆ, ನಮಸ್ಕಾರಗಳಂತೆ. ನಾನು ಮದುವೆಯಾಗಿ ಬಂದಾಗ ನನ್ನ ತಟ್ಟೆಯಿಂದಲೇ ಕಿತ್ತುಕೊಂಡು ತಿನ್ನುತ್ತಿದ್ದ ಕಡ್ಡಿಯಂಥ ಹುಡುಗಿ ನೀನು. ಆ ಹೆಸರಿಟ್ಟವಳೂ ನಾನೇ. ನನ್ನ ಹತ್ತಿರ ಕಚೇರಿ ಬಿಗುಮಾನ ಬೇಡ.

ಕಾಗದ ಹರಿದರೆ ಆದದ್ದು ಹರಿಯುವುದಿಲ್ಲ. ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ. ಇಪ್ಪತ್ತಾರು ವರ್ಷದ ಹಿಂದೆ ನಾವಿಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ಆ ದಾರಿ ಹಿಡಿದೆವು. ಏಳುನೂರ ಎಂಟನೆಯ ಕಂಬ ಮುಟ್ಟಿದ ಮೇಲೆ ನಾವು ಮುಟ್ಟಿದ್ದು ಏಳುನೂರ ಇಪ್ಪತ್ತಾರನ್ನು. ನಡುವಿನ ಹದಿನೇಳನ್ನು ಹಾಲಿನ ಲಾರಿಯಲ್ಲಿ ದಾಟಿದೆವು, ಇಬ್ಬರೂ, ಪಕ್ಕಪಕ್ಕ ಕೂತು. ಯಾಕೆ ಹತ್ತಿದೆವು ಅನ್ನುವುದು ಬೇರೆ ಮಾತು.

ಕೊನೆಗೆ ಅದೇ ಕಚೇರಿ, ಅದೇ ಮೇಜು. ಆಗ ಅದರ ಹಿಂದೆ ಕೂತಿದ್ದವರು ಮುದಿ ಮೇಷ್ಟ್ರು. ಮೊದಲು ನನ್ನನ್ನು ಕೇಳಿದರು. ಸುಳ್ಳು ಹೇಳಲಾಗದೆ, ನಿಜ ಹೇಳಲಾಗದೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಅರ್ಧ ಗಂಟೆ ಬಿಟ್ಟು ನೀನು ಬಂದೆ, ಕೈಯಲ್ಲಿ ನಂಬರು ಹಿಡಿದುಕೊಂಡು. ವಾರ ಕಳೆದ ಮೇಲೆ ಗೊತ್ತಾಯಿತು, ನೀನು ಅಲ್ಲಿ ಹೇಳಿದ್ದೇನು ಅಂತ. "ಅತ್ತಿಗೆಗೆ ಕಾಲು ನೋವು, ಅವರು ಒಂದಿಷ್ಟು ಕಂಬ ಬಿಟ್ಟರು, ನಾನು ಎಲ್ಲ ಮುಟ್ಟಿದ್ದೇನೆ."

ಆ ಕಾಲು ನೋವನ್ನು ಇಪ್ಪತ್ತಾರು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. "ನಮ್ಮನೆಯವಳೂ ಹೊರಟಿದ್ದಳು, ಪಾಪ, ಕಾಲು ಕೈಕೊಡ್ತು. ನನ್ನ ತಂಗಿ ಬಿಡಲಿಲ್ಲ ನೋಡಿ" ಅಂತ ನಿಮ್ಮಣ್ಣ ಗಿರಾಕಿಗಳಿಗೆ ಹೇಳುತ್ತಾರೆ. ನಾನು ಪಕ್ಕದಲ್ಲಿ ಕೂತು ಹೊಲಿಯುತ್ತಿರುತ್ತೇನೆ. ನನ್ನ ಕಾಲು ಕಲ್ಲಿನ ಹಾಗಿತ್ತು, ನಿನಗೆ ಗೊತ್ತಿಲ್ಲವೇ?

ಇಷ್ಟು ದಿನ ಬಾಯಿ ಬಿಡಲಿಲ್ಲ. ನಿನ್ನ ನಂಬರು ನಿನ್ನ ಪಾಡು ಅಂತ ಸುಮ್ಮನಿದ್ದೆ. ಆದರೆ ಈಗ ಒಬ್ಬಳು ನಿಜ ಹೇಳಿದ್ದಕ್ಕೆ ಹೊರಗೆ ನಿಂತಿದ್ದಾಳೆ, ಸುಳ್ಳು ಹೇಳಿದವಳು ಒಳಗೆ ಕೂತು ಬಾಗಿಲು ಕಾಯುತ್ತಿದ್ದಾಳೆ. ಇದನ್ನು ನೋಡಿಕೊಂಡು ಇರಲಾರೆ. ಜೂನ್ 14ರೊಳಗೆ ನೀನಾಗಿ ಸಂಘಕ್ಕೆ ಹೇಳು. ಇಲ್ಲವಾದರೆ ನಾನು ಬರೆಯುತ್ತೇನೆ. ಇದು ಬೆದರಿಕೆಯೇ, ಹಾಗೇ ತಿಳಿದುಕೋ.

ನಿನ್ನ ಅತ್ತಿಗೆ


ಮೇ 9

ಅತ್ತಿಗೆ,

ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ಓದಿ, ಆಮೇಲೆ ಏನು ಬೇಕಾದರೂ ಮಾಡಿ.

ಯಾಕೆ ಹತ್ತಿದೆವು ಅನ್ನುವುದು ಬೇರೆ ಮಾತು ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ. ಬೇರೆ ಮಾತಲ್ಲ, ಅದೇ ಮಾತು. ಏಳುನೂರ ಎಂಟನೆಯ ಕಂಬಕ್ಕೆ ಒರಗಿ ಕೂತವರು ನೀವು ಏಳಲಿಲ್ಲ. ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು. ಬೆಳಿಗ್ಗೆ ಹೊಳೆ ದಾಟಿದ್ದೆವಲ್ಲ, ಅದೇ ನೀರು ಅಂದುಕೊಂಡೆ. ಮುಟ್ಟಿದರೆ ಕೈ ಕೆಂಪಾಯಿತು. ಆಗ ಹೇಳಿದಿರಿ, ಮೂರು ತಿಂಗಳು ಅಂತ. ಮನೆ ಬಿಡುವಾಗಲೇ ಗೊತ್ತಿತ್ತು ಅಂತ. ಹೇಳಿದರೆ ಯಾರೂ ಕಳಿಸುತ್ತಿರಲಿಲ್ಲ, ಈ ದಾರಿಗಾಗಿ ನಾಲ್ಕು ವರ್ಷದಿಂದ ಕಾದಿದ್ದೆ ಅಂತ. ನನಗಾಗ ಇಪ್ಪತ್ತಮೂರು ವರ್ಷ ಅತ್ತಿಗೆ. ಮಣ್ಣುರಸ್ತೆಗೆ ಓಡಿ, ಬರುತ್ತಿದ್ದ ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತೆ. ನಿಲ್ಲಿಸದಿದ್ದರೆ ನನ್ನ ಮೇಲೆಯೇ ಹೋಗಬೇಕಿತ್ತು.

ಲಾರಿ ಇಳಿಸಿದ್ದು ಏಳುನೂರ ಇಪ್ಪತ್ತಾರನೆಯ ಕಂಬದ ಊರಿನಲ್ಲಿ, ಎರಡು ಹಾಸಿಗೆಯ ಆಸ್ಪತ್ರೆ. ಮಗು ಉಳಿಯಲಿಲ್ಲ. ಒಂಬತ್ತು ದಿನ ನಿಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಮನೆಗೆ ಹೋಗೋಣ ಅಂದೆ. ನೀವು ಗೋಡೆ ಕಡೆ ತಿರುಗಿಕೊಂಡು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಹಿಂದಕ್ಕೆ ಹೋಗಿ ನಡೆಯೋ ಶಕ್ತಿ ಇಲ್ಲ. ಮನೆಗೆ ಹೋಗೋ ಧೈರ್ಯ ಇಲ್ಲ. ಮುಂದಕ್ಕೆ ಮಾತ್ರ ಹೋಗ್ಬಹುದು." ಅಣ್ಣನಿಗೆ ಎಂದೂ ಹೇಳುವುದಿಲ್ಲ ಅಂತ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿರಿ. ಬಿಟ್ಟ ಕಂಬದ ಯೋಚನೆ ಆಗ ಇಬ್ಬರಿಗೂ ಇರಲಿಲ್ಲ.

ಈಗ ಆ ಮೇಜಿಗೆ ಬನ್ನಿ. ನೀವು ಎದ್ದು ಹೋದಿರಿ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನಮ್ಮ, ಅವರಿಗೇನಾಯ್ತು?" ಅವರ ಕೈಗಡಿಯಾರ ರಿಪೇರಿಗೆ ಬರುತ್ತಿದ್ದದ್ದು ಯಾರ ಹತ್ತಿರ? ಅಣ್ಣನ ಹತ್ತಿರ. ಇಬ್ಬರೂ ಹದಿನೇಳು ಕಂಬ ಬಿಟ್ಟಿದ್ದೇವೆ ಅಂದರೆ ಎಲ್ಲಿ, ಯಾಕೆ, ಯಾವ ಆಸ್ಪತ್ರೆ ಅಂತ ಕೇಳುತ್ತಾರೆ. ತಿಂಗಳೊಳಗೆ ಅಣ್ಣನಿಗೆ ತಿಳಿಯುತ್ತದೆ. ಒಬ್ಬರ ಕಾಲು ನೋವನ್ನು ಯಾರೂ ಕೆದಕುವುದಿಲ್ಲ. ಅದಕ್ಕೇ ನೋವು ನಿಮಗೆ ಕೊಟ್ಟೆ, ಕಂಬ ನಾನಿಟ್ಟುಕೊಂಡೆ. ಇಷ್ಟನ್ನು ಯೋಚಿಸಲು ನನಗೆ ಸಿಕ್ಕದ್ದು ಅವರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟು ಹೊತ್ತು.

ಹೊರಗೆ ಬಂದು ನಿಮ್ಮ ಮುಖ ನೋಡಿದೆ. ನೀವು ನನ್ನ ಕೈಯಲ್ಲಿದ್ದ ಕಾಗದ ನೋಡಿದಿರಿ, ನನ್ನನ್ನಲ್ಲ. ಒಂದು ಸಲವಾದರೂ ಯಾಕೆ ಅಂತ ಕೇಳಿದ್ದರೆ ಹೇಳುತ್ತಿದ್ದೆ.

ಇನ್ನೊಂದೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇದೂ ಅರ್ಧ ನಿಜವಾಗುತ್ತದೆ. ಮೊದಲ ವರ್ಷ ಅದು ನಿಮಗಾಗಿ ಹೇಳಿದ ಸುಳ್ಳು. ಆಮೇಲೆ ಜನ ಮೆಚ್ಚಿದರು, ಸಂಘಕ್ಕೆ ಕರೆದರು, ಕುರ್ಚಿ ಕೊಟ್ಟರು. ನನಗೇ ಅದು ರುಚಿಸಿತು. ಆ ಹುಡುಗಿ ನನ್ನೆದುರು "ಇದೆ, ನಾಲ್ಕು" ಅಂದಾಗ ನನಗೆ ಬಂದದ್ದು ಕೋಪ. ಇಷ್ಟು ಸುಲಭವಾಗಿ ಹೇಳಬಹುದಿತ್ತೇ ಅಂತ. ಅವಳ ಮುಖ ನೋಡದೆ ಕಳಿಸಿದ್ದು ಅದಕ್ಕೆ.

ನೀವು ಸಂಘಕ್ಕೆ ಬರೆಯಬೇಕಾಗಿಲ್ಲ. ನಾನೇ ಸಭೆಯಲ್ಲಿ ಹೇಳುತ್ತೇನೆ. ಆದರೆ ಯಾಕೆ ಅಂತ ಅವರು ಕೇಳುತ್ತಾರೆ ಅತ್ತಿಗೆ. ಆಗ ಏನು ಹೇಳಲಿ?

ಕಡ್ಡಿ


ಮೇ 13

ಕಡ್ಡೀ,

ನಿನ್ನ ಕಾಗದ ನನ್ನ ದಾರದ ಡಬ್ಬಿಯೊಳಗಿದೆ. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು, ಇದೆಯೋ ಇಲ್ಲವೋ ನೋಡಿ ಮುಚ್ಚುತ್ತೇನೆ.

ನನಗೆ ತಿಳಿಯಲಿಲ್ಲ. ನನ್ನನ್ನು ಕೆಳಗೆ ತಳ್ಳಿ ನೀನು ಮೇಲೆ ಹತ್ತಿದೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತೋ ಏನೋ. ನಿನ್ನ ಮೇಲಿನ ಸಿಟ್ಟು ಕೈಯಲ್ಲಿದ್ದರೆ ನನ್ನ ಮೇಲಿನದನ್ನು ಹಿಡಿದುಕೊಳ್ಳಬೇಕಾಗಿರಲಿಲ್ಲ. ಕ್ಷಮಿಸು ಅಂತ ಕಾಗದದಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಈಗ ನಿನ್ನ ಕಾಲಿಗೆ ಬೀಳುತ್ತೇನೆ, ಸಭೆಯಲ್ಲಿ ಏನೂ ಹೇಳಬೇಡ. ಹಿಂದಿನ ಕಾಗದದಲ್ಲಿ ಕೂಗಾಡಿದವಳು ಇವಳೇನಾ ಅಂತ ನೀನು ನಗಬಹುದು. ನಗು. ಆ ಹುಡುಗಿಗೆ ಅನುಕೂಲವಾಗುವ ಹಾಗೆ ನಾಲ್ಕು ಸಾಲು ಬರೆದುಕೊಟ್ಟು ಮುಗಿಸು, ನಿನ್ನದನ್ನು ತೆಗೆಯಬೇಡ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ, ಅಷ್ಟು ನಿನಗೆ ಗೊತ್ತು. ನಾಲ್ಕು ಡಾಕ್ಟರ ಹತ್ತಿರ ಹೋದೆವು. ನಾಲ್ವರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಒಂದೇ: "ಮೊದಲು ಯಾವಾಗಲಾದರೂ ಗರ್ಭ ನಿಂತಿತ್ತೇ?" ನಿಮ್ಮಣ್ಣ ಪಕ್ಕದಲ್ಲೇ ಕೂತಿರುತ್ತಿದ್ದರು. ನಾಲ್ಕು ಸಲವೂ ಇಲ್ಲ ಅಂದೆ. ಕೊನೆಯ ಡಾಕ್ಟರು ಆ ಉತ್ತರ ಬರೆದುಕೊಂಡು, ದೋಷ ಗಂಡಸಿನ ಕಡೆಯಿಂದಲೂ ಇರಬಹುದು ಅಂದರು. ಅವತ್ತಿನಿಂದ ನಿಮ್ಮಣ್ಣ ಪರೀಕ್ಷೆಯೂ ಮಾಡಿಸದೆ ಅದು ತಮ್ಮದೇ ಅಂತ ನಂಬಿಕೊಂಡು ಕೂತಿದ್ದಾರೆ. ನನ್ನ ತವರಿನ ನೆಂಟರ ಮನೆಯಲ್ಲಿ ಯಾರಾದರೂ ನನ್ನನ್ನು ಚುಚ್ಚಿದರೆ "ಅವಳದೇನೂ ಇಲ್ಲ, ಊನ ನನ್ನದು" ಅಂತ ಎಲ್ಲರೆದುರು ಹೇಳುತ್ತಾರೆ. ನಾನು ಸೆರಗು ಸರಿಮಾಡಿಕೊಂಡು ಸುಮ್ಮನಿರುತ್ತೇನೆ. ನೀನು ಒಂದೇ ಸಲ ಒಂದು ಮೇಜಿನ ಮುಂದೆ ಇಲ್ಲ ಅಂದೆ. ನಾನು ನಾಲ್ಕು ಮೇಜಿನ ಮುಂದೆ ಅಂದವಳು.

ಐವತ್ತೊಂಬತ್ತು ವರ್ಷದ ಮನುಷ್ಯನಿಗೆ ಈಗ ಹೋಗಿ ಏನಂತ ಹೇಳಲಿ? ಬೇಡ ಕಡ್ಡೀ.

ಅತ್ತಿಗೆ


ಮೇ 20

ಅತ್ತಿಗೆ,

ಡಾಕ್ಟರ ವಿಷಯ ಓದಿ ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ. ಅಣ್ಣ ಹಾಗೆ ತಿಳಿದುಕೊಂಡಿದ್ದಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಒಂಬತ್ತು ವರ್ಷ ನಿಮ್ಮ ಮನೆಗೆ ಕಾಲಿಡದೆ ಇದ್ದುಬಿಟ್ಟೆ, ಯಾರು ತಾನೇ ಹೇಳಬೇಕು?

ಆದರೆ ನಿಮ್ಮ ಮಾತು ನಡೆಸಲಾರೆ. ನಿಮ್ಮ ಮೇಲಿನ ಹಟಕ್ಕಲ್ಲ. ಮೊನ್ನೆ ಒಬ್ಬ ಲೆಕ್ಚರರ್ ಬಂದು ಮೇಜಿನ ಮುಂದೆ ಕೂತರು, ಎಪ್ಪತ್ತೆರಡು ದಿನ ನಡೆದು ಬಂದವರು. ಎಂದಿನ ಪ್ರಶ್ನೆ ಕೇಳಲು ಬಾಯಿ ತೆರೆದೆ, ಬರಲಿಲ್ಲ. ನೀರು ಕುಡಿದು ಬಂದು ಮತ್ತೆ ಕೂತೆ, ಆಗಲೂ ಬರಲಿಲ್ಲ. ಕೊನೆಗೆ ಚೀಟಿಯ ಮೇಲೆ ಬರೆದು ಅವರ ಮುಂದಿಟ್ಟೆ. ಗಂಟಲು ಕಟ್ಟಿದೆ ಅಂತ ಸನ್ನೆ ಮಾಡಿದೆ. ಇನ್ನೊಂದು ಸುಳ್ಳು.

ಜೂನ್ 14ಕ್ಕೆ ಆ ಹುಡುಗಿ ನನ್ನೆದುರು ಕೂರುತ್ತಾಳೆ. ಅವಳಿಗೆ ಅನುಕೂಲವಾಗುವ ನಾಲ್ಕು ಸಾಲು ಬರೆದರೂ ಅದು ನನ್ನನ್ನು ಮುಚ್ಚಿಕೊಳ್ಳಲು ಬರೆದದ್ದೇ ಆಗುತ್ತದೆ. ನಾನು ಹೇಳುತ್ತೇನೆ. ಹದಿನೇಳು ಕಂಬ ನಡೆದಿಲ್ಲ ಅಂತ ಮಾತ್ರ ಹೇಳುತ್ತೇನೆ, ಕಾರಣ ಹೇಳುವುದಿಲ್ಲ. ಏನು ಬೇಕಾದರೂ ಅಂದುಕೊಳ್ಳಲಿ. ಆದರೆ ಸಂಘದ ಪತ್ರಿಕೆ ತಿಂಗಳು ತಿಂಗಳು ಅಂಗಡಿಗೆ ಬರುತ್ತದಲ್ಲ. 63 ರದ್ದಾಯಿತು ಅಂತ ಅಣ್ಣ ಓದುತ್ತಾನೆ. ಓದಿ ನಿಮ್ಮ ಕಡೆ ತಿರುಗಿ ಕೇಳುತ್ತಾನೆ. ಆಗ ನೀವು ಐದನೆಯ ಸಲ ಇಲ್ಲ ಅನ್ನುತ್ತೀರಾ?

ಅವನು ಪತ್ರಿಕೆಯಲ್ಲಿ ಓದುವ ಮೊದಲು ನಿಮ್ಮ ಬಾಯಿಂದ ಕೇಳಲಿ. ಸಭೆಗೆ ಇನ್ನು ಇಪ್ಪತ್ತೈದು ದಿನ ಇದೆ.

ನಿಮ್ಮ
ಕಡ್ಡಿ


ಜೂನ್ 11

ಕಡ್ಡೀ,

ಹೇಳಿದೆ.

ಸೋಮವಾರ ಬೆಳಿಗ್ಗೆ, ಗಿರಾಕಿಗಳು ಕಡಿಮೆ ಇದ್ದರು. ಅವರು ದೊಡ್ಡ ಗೋಡೆಗಡಿಯಾರವೊಂದನ್ನು ಬಿಚ್ಚಿ ಹಲ್ಲುಚಕ್ರಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿಕೊಂಡಿದ್ದರು. ಕೈಯಲ್ಲಿ ಕೆಲಸ ಇದ್ದರೆ ಕೇಳುವುದು ಅವರಿಗೆ ಸುಲಭವಾಗಬಹುದು ಅಂದುಕೊಂಡೆ. ದಡ್ಡತನ. ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಚಿಮಟ ಕೆಳಗಿಟ್ಟರು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯಲೇ ಇಲ್ಲ. ಒಂದು ಕಣ್ಣಿನಿಂದ ನನ್ನನ್ನು ನೋಡುತ್ತಾ ಪೂರ್ತಿ ಕೇಳಿದರು. ಹೊಳೆ, ರಕ್ತ, ಲಾರಿ, ನೀನು ಕೂತಿದ್ದ ಸ್ಟೂಲು, ನಾಲ್ಕು ಡಾಕ್ಟರು, ಒಂದೂ ಬಿಡದೆ ಹೇಳಿದೆ. ನಿನ್ನ ಕಾಗದವನ್ನೂ ಕೊಟ್ಟೆ.

ಓದಿದರು. "ನಾಲ್ಕು ಕಡೇನೂ ನಾನು ನಿನ್ನ ಪಕ್ಕದಲ್ಲೇ ಇದ್ದೆ ಅಲ್ವಾ?" ಅಂದರು.

"ಇದ್ರಿ."

"ಕೊನೇ ಡಾಕ್ಟ್ರ ಹತ್ರ ನಿನ್ನ ಕೈ ಹಿಡ್ಕೊಂಡಿದ್ದೆ."

ಚಕ್ರಗಳನ್ನೆಲ್ಲ ಬಟ್ಟೆಯ ಸಮೇತ ಗಂಟು ಕಟ್ಟಿ ಮೂಲೆಗಿಟ್ಟು ಎದ್ದು ಹೋದರು. ಮಧ್ಯಾಹ್ನ ವಾಪಸ್ ಬಂದರು. ಬಂದು ಮಾತು ನಿಲ್ಲಿಸಿದರು. ನನ್ನ ಜೊತೆ ಮಾತ್ರ. ಅಂಗಡಿಗೆ ಬಂದವರ ಜೊತೆ ಎಂದಿನಂತೆಯೇ ಮಾತಾಡುತ್ತಾರೆ. ಊಟ ಬಡಿಸಿದರೆ ತಿನ್ನುತ್ತಾರೆ, ತಟ್ಟೆ ತಾವೇ ತೊಳೆದಿಡುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಎಂದೂ ತಟ್ಟೆ ತೊಳೆದವರಲ್ಲ. ಇದು ನಾಲ್ಕನೇ ದಿನ.

ಬಿಟ್ಟು ಹೋಗುತ್ತಾರೇನೋ ಅಂತ ಹೆದರಿಕೆ. ಹೋದರೆ ತಡೆಯುವ ಮುಖ ನನಗಿಲ್ಲ.

ಸಭೆಯಲ್ಲಿ ಎಲ್ಲವನ್ನೂ ಹೇಳು. ಯಾಕೆ ಅಂತ ಕೇಳಿದರೆ ಅದನ್ನೂ ಹೇಳು. ನನ್ನನ್ನು ಬಚ್ಚಿಡುವ ಕೆಲಸ ಇನ್ನು ನಿನಗಿಲ್ಲ.

ಅತ್ತಿಗೆ


ಜೂನ್ 15

ಅತ್ತಿಗೆ,

ಮುಗಿಯಿತು.

ಏಳು ಜನ ಸದಸ್ಯರು, ಮೀಸೆಯ ಅಧ್ಯಕ್ಷರು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆ ಹುಡುಗಿ. ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು, ಪುಟ್ಟ ಗಡಿಯಾರ ಎದೆಯ ಮೇಲೆ ಪಿನ್ನಿನಲ್ಲಿ ತೂಗುತ್ತಿತ್ತು. ಅವಳ ಅರ್ಜಿ ಕೈಗೆತ್ತಿಕೊಳ್ಳುವ ಮೊದಲು ನನ್ನದೊಂದು ಮಾತಿದೆ ಅಂದು ಎದ್ದು ನಿಂತೆ. ನಾನು ಹದಿನೇಳು ಕಂಬ ಮುಟ್ಟಿಲ್ಲ, ನನ್ನ ನಂಬರು ಸುಳ್ಳಿನದು ಅಂದೆ. ಅಧ್ಯಕ್ಷರು ಮೊದಲು ನಕ್ಕರು, ತಮಾಷೆ ಅಂದುಕೊಂಡಿರಬೇಕು. ಆಮೇಲೆ ನಗು ನಿಂತಿತು. "ಯಾಕಮ್ಮಾ?" ಅಂದರು. ಹೇಳಿದೆ.

ಆ ಹುಡುಗಿ ಕೇಳಿದಳು, ನರ್ಸ್ ಕೇಳುವ ಹಾಗೆಯೇ: "ಎಷ್ಟು ಹೊತ್ತಿಂದ ರಕ್ತ ಹೋಗ್ತಿತ್ತು ಮೇಡಂ?" ಬೆಳಿಗ್ಗೆಯಿಂದ ಇರಬೇಕು ಅಂದೆ. ಅವಳು ಸದಸ್ಯರ ಕಡೆ ತಿರುಗಿ, "ಹದಿನೆಂಟು ಕಿಲೋಮೀಟರ್ ನಡೆಸಿದ್ರೆ ಅವರು ಆಸ್ಪತ್ರೆ ಮುಟ್ತಿರಲಿಲ್ಲ ಸರ್" ಅಂದಳು.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಲಾರಿ ಹತ್ತಿದ್ದನ್ನ ಯಾರೂ ತಪ್ಪು ಅನ್ನಲ್ಲ. ಹತ್ತಲಿಲ್ಲ ಅಂದ್ರಲ್ಲ, ಅದು ತಪ್ಪು" ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಹೇಳಿದ್ದೇ ಸರಿ. ಪುಸ್ತಕ ತರಿಸಿದರು. 63ರ ಮೇಲೆ ನನ್ನ ಕೈಯಿಂದಲೇ ಗೆರೆ ಎಳೆದು, ಕೆಳಗೆ ರುಜು ಹಾಕಿ, ಬೀರುವಿನ ಕೀಲಿಕೈ ಮೇಜಿನ ಮೇಲಿಟ್ಟೆ.

ಹುಡುಗಿಯ ಅರ್ಜಿಯೂ ಬಿತ್ತು, ವಿರುದ್ಧ ಐದು ಮತ, ಪರ ಎರಡು. ಇಷ್ಟೆಲ್ಲ ಆದಮೇಲೆ ಅವಳಿಗಾದರೂ ಸಿಗಬಾರದಿತ್ತೇ ಅಂತ ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಮೆಟ್ಟಿಲ ಹತ್ತಿರ ಸಿಕ್ಕಿ, "ಅಕ್ಟೋಬರ್‌ನಲ್ಲಿ ನಾಲ್ಕು ದಿನ ರಜೆ ಇದೆ ಮೇಡಂ. ನಾಲ್ಕು ಕಂಬ ತಾನೇ, ನಡೆದು ಬರ್ತೀನಿ" ಅಂದಳು. ಆಮೇಲೆ ಸ್ವಲ್ಪ ನಿಂತು, "ನಿಮ್ಮ ಅತ್ತಿಗೆ ಹಾಕಿದ ಅಟ್ಟೆ ಗಟ್ಟಿಯಾಗಿದೆ ಅಂತ ಹೇಳಿ" ಅಂದಳು.

ಅವಳದು ನಡೆದರೆ ಮುಗಿಯುತ್ತದೆ. ನಮ್ಮ ಹದಿನೇಳನ್ನು ಈಗ ಹೋಗಿ ನಡೆದರೆ ಏನು ಮುಗಿಯುತ್ತದೆ ಅತ್ತಿಗೆ? ನನ್ನ ನಂಬರು ಹೋದದ್ದಕ್ಕೆ ದುಃಖ ಇಲ್ಲ ಅಂದರೆ ಅದೂ ಸುಳ್ಳು. ಇಂದು ಬೆಳಿಗ್ಗೆ ಅಭ್ಯಾಸಬಲದಿಂದ ಕಚೇರಿಗೆ ಹೊರಟು, ಅರ್ಧ ದಾರಿಯಿಂದ ತಿರುಗಿ ಬಂದೆ.

ಅಣ್ಣ ನನ್ನ ಫೋನ್ ಎತ್ತುತ್ತಿಲ್ಲ. ಅವನು ಏನಾದರೂ ಅಂದನೇ? ಬೈದರೂ ಪರವಾಗಿಲ್ಲ, ಬರೆಯಿರಿ.

ಕಡ್ಡಿ


ಜೂನ್ 19

ಕಡ್ಡೀ,

ನಿನ್ನ ಕಾಗದ ನಿನ್ನೆ ಬಂತು. ಒಳಗೆ ನನ್ನ ಹೆಸರಿಗಿದ್ದರೂ ಓದಿದ ಮೇಲೆ ಬೆಂಚಿನ ಮೇಲೆ, ಅವರ ಕೈಗೆ ಸಿಗುವ ಹಾಗೆ ಇಟ್ಟೆ. ಒಂದು ಗಂಟೆ ಮುಟ್ಟಲಿಲ್ಲ. ಆಮೇಲೆ ತೆಗೆದುಕೊಂಡು, ನಿಧಾನವಾಗಿ ಓದಿ, ಮಡಚಿ, ಎದುರಿಗಿಟ್ಟುಕೊಂಡು ಕೂತರು.

ಹನ್ನೊಂದನೇ ದಿನ ಬಾಯಿ ಬಿಟ್ಟರು. ನನ್ನ ಕಡೆ ನೋಡದೆ, ಬೀದಿ ಕಡೆ ನೋಡುತ್ತಾ ಮಾತಾಡಿದರು.

"ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ."

"ಗೊತ್ತು" ಅಂದೆ.

"ಅವಳ ಮೇಲೂ ಇದೆ. ಇಬ್ರೂ ಸೇರ್ಕೊಂಡು ನನ್ನ ಹೊರಗೇ ನಿಲ್ಲಿಸಿದ್ರಿ. ನಾನೇನು ಹುಲೀನಾ, ಕರಡೀನಾ? ಹೇಳಿದ್ರೆ ತಿಂದುಬಿಡ್ತಿದ್ನಾ?"

ತಿನ್ನುತ್ತಿರಲಿಲ್ಲ, ನನಗೆ ಗೊತ್ತು. ಇವರ ಕೋಪಕ್ಕೆ ಹೆದರಿ ಮುಚ್ಚಿಟ್ಟದ್ದಲ್ಲ. ನನಗೆ ದಾರಿ ಬೇಕಾಗಿತ್ತು, ಮಗುವಿಗಿಂತ ಮುಂಚೆ ಬೇಕಾಗಿತ್ತು. ಅದನ್ನು ಇವರೆದುರು ಒಪ್ಪಿಕೊಳ್ಳಲು ಹೆದರಿದೆ. ಅದನ್ನೂ ಹೇಳಿದೆ. ಎರಡು ಸಲ ಹೇಳಬೇಕಾಯಿತು.

ಒಬ್ಬ ಗಿರಾಕಿ ಬಂದ. "ಆಮೇಲೆ ಬಾರಪ್ಪ" ಅಂತ ಕಳಿಸಿದರು. ಗಿರಾಕಿಯನ್ನು ವಾಪಸ್ ಕಳಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಎಷ್ಟನೇ ಕಂಬ ಅಂದೆ?" ಅಂತ ಕೇಳಿದರು.

"ಏಳುನೂರ ಎಂಟು."

"ಮನೆಯಿಂದ ಹೊರಟಾಗಿಂದ ಅಲ್ಲೀತನಕ ಮಗು ನಿನ್ನ ಜೊತೇಲೇ ಇತ್ತು ಅಲ್ವಾ?"

"ಹೂಂ."

ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಮತ್ತೆ ಏಳುನೂರ ಎಂಟು ಕಂಬ ಅದೂ ನಡೆದಿದೆ ಕಣೇ. ಒಂದೂ ಬಿಟ್ಟಿಲ್ಲ" ಅಂದರು.

ಇಪ್ಪತ್ತಾರು ವರ್ಷದಲ್ಲಿ ಆ ಮಗುವಿಗಾಗಿ ಅವರೆದುರು ನಾನು ಅತ್ತದ್ದು ನಿನ್ನೆಯೇ ಮೊದಲು. ಅವರೂ ಅತ್ತರು. ಅಂಗಡಿಯ ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು.

ನಿನ್ನ ಅತ್ತಿಗೆ